ಗ್ರಂಥಾಲಯದ ಆರು ಪೈಸೆ ಯಾರ ಜೇಬಿನಲ್ಲಿದೆ?

ಬಿಬಿಎಂಪಿ ಒಡೆದು ಬೆಂಗಳೂರು ಐದು ಪಾಲಿಕೆಗಳ ಪಾಲಾಯಿತು. ಕಟ್ಟಡ ಯಾರಿಗೆ, ಕೆರೆ ಯಾರಿಗೆ, ಕಸದ ಲಾರಿ ಯಾರಿಗೆ, ಯಾವ ಎಂಜಿನಿಯರು ಯಾವ ಪಾಲಿಕೆಗೆ ಎಂಬ ಮಾತು 2025ರ ಸೆಪ್ಟೆಂಬರ್ 2ರಿಂದ ನಡೆದೇ ಇದೆ. ಅಣ್ಣತಮ್ಮಂದಿರು ಪಾಲಾಗುವಾಗ ಆಸ್ತಿಯ ಮಾತಿಗೆ ದನಿ ಜೋರು, ಸಾಲದ ಮಾತಿಗೆ ಗಂಟಲು ಕಟ್ಟುತ್ತದೆ. ಈ ಮನೆಯ ಸಾಲಗಳಲ್ಲಿ ಒಂದರ ಹೆಸರಂತೂ ನನ್ನ ಕಿವಿಗೆ ಇನ್ನೂ ಬಿದ್ದಿಲ್ಲ: ಬಿಬಿಎಂಪಿ ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಉಳಿಸಿಕೊಂಡ ಉಪಕರದ ಬಾಕಿ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಗ್ರಂಥಾಲಯಗಳಿಗೆ ಹೊಸ ಯೋಜನೆ ಬೇಡ, ಹೊಸ ಹೆಸರು ಬೇಡ, ಹೊಸ ಆ್ಯಪ್ ಬೇಡ. ಜನ ಈಗಾಗಲೇ ಕಟ್ಟಿರುವ ದುಡ್ಡು ಸೇರಬೇಕಾದ ಕಡೆ ಸೇರಿದರೆ ಸಾಕು.

'ಮೊಬೈಲು ಬಂದ ಮೇಲೆ ಗ್ರಂಥಾಲಯಕ್ಕೆ ಯಾರು ಹೋಗುತ್ತಾರೆ, ನಾಲ್ಕು ಮಂದಿ ಪಿಂಚಣಿದಾರರು ಪೇಪರ್ ಓದಲು ಹೋಗುತ್ತಾರೆ ಅಷ್ಟೆ' ಎಂಬ ಅರ್ಥದ ಅಂಕಣ ವರ್ಷಕ್ಕೆರಡು ಸಲ ಎಲ್ಲಾದರೂ ಪ್ರಕಟವಾಗುತ್ತದೆ. ಬರೆದವರು ಗ್ರಂಥಾಲಯದ ಬಾಗಿಲು ದಾಟಿ ಎಷ್ಟು ವರ್ಷವಾಯಿತೋ. ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ನೋಡಲಿ. ಪಿಂಚಣಿದಾರರು ಇರುತ್ತಾರೆ, ನಿಜ. ಅವರಿಗಿಂತ ಮೊದಲೇ ಬ್ಯಾಗು, ನೀರಿನ ಬಾಟಲಿ ಹಿಡಿದು ನಿಂತಿರುವವರು ಎಫ್‌ಡಿಎ, ಪಿಡಿಒ, ಪಿಎಸ್‌ಐ ಪರೀಕ್ಷೆಗೆ ಕೂತಿರುವ ಹುಡುಗ ಹುಡುಗಿಯರು. ಪಿಜಿಯ ಒಂದು ಕೋಣೆಯಲ್ಲಿ ನಾಲ್ವರು ಮಲಗುವವರಿಗೆ ಓದಲು ಇನ್ನೆಲ್ಲಿ ಜಾಗವಿದೆ? ಫ್ಯಾನಿನ ಕೆಳಗಿನ ಕುರ್ಚಿ ಹಿಡಿಯಲು ಅಲ್ಲಿ ಸಣ್ಣ ಪೈಪೋಟಿಯೇ ನಡೆಯುತ್ತದೆ. ಸೋಮವಾರ ಮತ್ತು ಎರಡನೇ ಮಂಗಳವಾರ ರಜೆ ಎಂಬುದು ಅವರಿಗೆ ಬಾಯಿಪಾಠ. ಆ ದಿನ ದೇವಸ್ಥಾನದ ಜಗಲಿ, ಪಾರ್ಕಿನ ಕಲ್ಲುಬೆಂಚು.

ಅಲ್ಲಿಯ ಸಾಮಾನ್ಯ ಜ್ಞಾನದ ಪುಸ್ತಕವೊಂದನ್ನು ಒಮ್ಮೆ ತೆಗೆದು ನೋಡಿದೆ. ಬೈಂಡು ಬಿಚ್ಚಿ, ಪುಟಗಳಿಗೆ ನೂಲು ಕಟ್ಟಿತ್ತು. ಭಾರತದ ರಾಜ್ಯಗಳು 29 ಎಂದು ಅಚ್ಚಾಗಿದ್ದ ಕಡೆ ಯಾರೋ ಪೆನ್ಸಿಲಿನಲ್ಲಿ ಹೊಡೆದು 28 ಎಂದು ಬರೆದಿದ್ದರು. ಜಮ್ಮು ಮತ್ತು ಕಾಶ್ಮೀರ ಕೇಂದ್ರಾಡಳಿತ ಪ್ರದೇಶವಾದದ್ದು 2019ರಲ್ಲಿ. ಗ್ರಂಥಾಲಯದ ಮೇಡಂ ನನ್ನ ಮುಖ ನೋಡಿ, 'ಅದನ್ನ ಹುಡುಗ್ರೇ ತಿದ್ಕೊಂಡಿದಾರೆ ಸರ್, ಹೊಸದು ಬಂದ್ರೆ ಇದನ್ನ ತೆಗೆದಿಡ್ತೀನಿ' ಎಂದರು. ಓದುಗರಿಲ್ಲ ಎನ್ನುವವರಿಗೆ ಆ ಪೆನ್ಸಿಲ್ ಗೀಟನ್ನು ತೋರಿಸಬೇಕೆನಿಸಿತು.

ಈಗ ಲೆಕ್ಕಕ್ಕೆ ಬರೋಣ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರದು. ಆಸ್ತಿ ತೆರಿಗೆಯ ಮೇಲೆ ಶೇ 6ರ ಗ್ರಂಥಾಲಯ ಉಪಕರ, ಅಂದರೆ ರೂಪಾಯಿಗೆ ಆರು ಪೈಸೆ, ಈ ಕಾಯ್ದೆಯ ಬೆನ್ನೆಲುಬು. ಬೆಂಗಳೂರಿನ ಮನೆ ಕಂದಾಯದ ರಸೀದಿಯಲ್ಲಿ ಉಪಕರ ಎಂದಿರುವ ಕಡೆ ಆರೋಗ್ಯದ ಶೇ 15, ಭಿಕ್ಷುಕರ ಶೇ 3, ನಗರ ಸಾರಿಗೆಯ ಶೇ 2ರ ಜೊತೆ ಈ ಆರೂ ಕೂತಿರುತ್ತದೆ. ಮೂಲ ತೆರಿಗೆ ಎಂಟು ಸಾವಿರವಾದರೆ ಗ್ರಂಥಾಲಯದ ಪಾಲು 480 ರೂಪಾಯಿ. ಪುಸ್ತಕ ಮುಟ್ಟದವರೂ ಕಟ್ಟುತ್ತಾರೆ, ಕಟ್ಟುತ್ತಿದ್ದೇವೆ ಎಂದು ಗೊತ್ತಿಲ್ಲದವರೂ ಕಟ್ಟುತ್ತಾರೆ.

2024-25ರಲ್ಲಿ ಬಿಬಿಎಂಪಿ ವಸೂಲು ಮಾಡಿದ ಆಸ್ತಿ ತೆರಿಗೆ ಸುಮಾರು 4,900 ಕೋಟಿ ರೂಪಾಯಿ. ಅದರಲ್ಲಿ ಉಪಕರ, ದಂಡ, ಬಡ್ಡಿ ಎಲ್ಲ ಸೇರಿದೆ ಎಂದು ಬಿಗಿಯಾಗಿಯೇ ಕಳೆದು, ಮೂಲ ತೆರಿಗೆ 3,500 ಕೋಟಿ ಎಂದು ಹಿಡಿಯಿರಿ. ಶೇ 6 ಅಂದರೆ 210 ಕೋಟಿ. ಒಂದೇ ನಗರದಿಂದ, ಒಂದೇ ವರ್ಷಕ್ಕೆ. ಇಲಾಖೆಯ ಸಗಟು ಖರೀದಿಯಲ್ಲಿ ಒಂದು ಪುಸ್ತಕದ 300 ಪ್ರತಿ ಕೊಳ್ಳುವುದು ರೂಢಿ. ಪ್ರತಿಯೊಂದಕ್ಕೆ 150 ರೂಪಾಯಿ ಎಂದರೆ ಒಂದು ಶೀರ್ಷಿಕೆಗೆ 45 ಸಾವಿರ. ಆ 210 ಕೋಟಿಯಲ್ಲಿ ಹತ್ತನೇ ಒಂದು ಪಾಲನ್ನು ಪುಸ್ತಕಕ್ಕಿಟ್ಟರೂ 4,600ಕ್ಕೂ ಹೆಚ್ಚು ಶೀರ್ಷಿಕೆ ಕೊಳ್ಳಬಹುದು. ಖರೀದಿ ವರ್ಷಗಟ್ಟಲೆ ಹಿಂದೆ ಬಿದ್ದಿದೆ, ಪುಟವಾರು ದರ ಏರಿಸಿ ಎಂದು ಪ್ರಕಾಶಕರು ಮನವಿ ಹಿಡಿದು ಅಲೆಯುವುದು, 'ಅನುದಾನ ಬಂದಿಲ್ಲ' ಎಂದು ಇಲಾಖೆ ಕೈಚೆಲ್ಲುವುದು ಎಲ್ಲವನ್ನೂ ಈ ಲೆಕ್ಕದ ಪಕ್ಕ ಇಟ್ಟು ನೋಡಿ. ಅನುದಾನ ಎಂಬ ಮಾತೇ ತಪ್ಪು. ದಾನದ ಪ್ರಶ್ನೆ ಇಲ್ಲಿಲ್ಲ. ನೌಕರನ ಸಂಬಳದಲ್ಲಿ ಪಿಎಫ್ ಹಿಡಿದು ಪಿಎಫ್ ಕಚೇರಿಗೆ ಕಟ್ಟದ ಮಾಲೀಕನನ್ನು ನಾವು ಏನೆಂದು ಕರೆಯುತ್ತೇವೆ?

ಪಾಲಿಕೆ ಏನೂ ಕೊಟ್ಟೇ ಇಲ್ಲ ಎನ್ನುತ್ತಿಲ್ಲ. ಆಗೊಂದು ಕಂತು, ಈಗೊಂದು ಕಂತು ಬಂದಿದೆ. ಆದರೆ ಬಾಕಿ ನೂರಾರು ಕೋಟಿ ಎಂದು ಇಲಾಖೆ ಪತ್ರ ಬರೆಯುತ್ತಲೇ ಬಂದಿದೆ. ಸ್ಥಳೀಯ ಸಂಸ್ಥೆಗಳು ಉಪಕರ ವಸೂಲು ಮಾಡಿ ತಮ್ಮಲ್ಲೇ ಇಟ್ಟುಕೊಳ್ಳುವುದನ್ನು ಮಹಾಲೇಖಪಾಲರ ವರದಿಗಳೂ ಎತ್ತಿ ತೋರಿಸಿವೆ. ವರದಿ ಸದನದಲ್ಲಿ ಮಂಡನೆಯಾಗುತ್ತದೆ, ಪತ್ರಿಕೆಯಲ್ಲಿ ಎರಡು ಕಾಲಂ ಸುದ್ದಿಯಾಗುತ್ತದೆ, ಅಲ್ಲಿಗೆ ಮುಗಿಯಿತು.

ಯಾಕೆ ಮುಗಿಯುತ್ತದೆ? ಇದಕ್ಕೆ ಉತ್ತರ ಕಾಯ್ದೆಯೊಳಗೇ ಇದೆ, ಅದನ್ನು ಯಾರೂ ಓದುವುದಿಲ್ಲ. ನಗರ ಗ್ರಂಥಾಲಯ ಪ್ರಾಧಿಕಾರಕ್ಕೆ ಅಧ್ಯಕ್ಷರು ಆ ನಗರದ ಮೇಯರ್. ಕೊಡಬೇಕಾದ ಮನೆಯ ಯಜಮಾನನೂ ಅವರೇ, ಕೇಳಬೇಕಾದ ಮನೆಯ ಯಜಮಾನನೂ ಅವರೇ. ತನ್ನ ಎಡಗೈ ಬಲಗೈಗೆ ನೋಟಿಸು ಕೊಡಬೇಕೆಂದರೆ ಯಾರು ಕೊಟ್ಟಾರು? 1965ರಲ್ಲಿ ಇದನ್ನು ಬರೆದವರ ಉದ್ದೇಶ ಒಳ್ಳೆಯದೇ ಇದ್ದಿರಬೇಕು: ಊರಿನ ಚುನಾಯಿತ ಮುಖ್ಯಸ್ಥನೇ ಊರಿನ ಗ್ರಂಥಾಲಯಕ್ಕೂ ಜವಾಬ್ದಾರನಾಗಲಿ ಎಂದು. ಆದರೆ ಬೆಂಗಳೂರಿನಲ್ಲಿ ಚುನಾಯಿತ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ಬಿಬಿಎಂಪಿ ನಡೆದದ್ದು ಆಡಳಿತಾಧಿಕಾರಿಯ ಕೈಯಲ್ಲಿ. ಸಾಲಗಾರನೂ ಸಾಹುಕಾರನೂ ಒಬ್ಬನೇ ಆಗಿದ್ದ ಆ ಕುರ್ಚಿಯಲ್ಲಿ ಅಷ್ಟೂ ವರ್ಷ ಚುನಾಯಿತರು ಯಾರೂ ಕೂರಲೇ ಇಲ್ಲ. ಪುರಸಭೆ, ಜಿಲ್ಲಾಕೇಂದ್ರಗಳಲ್ಲಿ ಪರಿಸ್ಥಿತಿ ಬೇರೆಯೇನಲ್ಲ, ಮೊತ್ತ ಚಿಕ್ಕದು ಅಷ್ಟೆ.

ಈ ಉಪಕರದ ಹಿಂದೆ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ಹಟವಿದೆ. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆ 1948ರಲ್ಲಿ ಮದ್ರಾಸಿನಲ್ಲಿ ಬಂದಾಗಲೇ ಅವರು ಪಟ್ಟು ಹಿಡಿದದ್ದು, ಗ್ರಂಥಾಲಯಕ್ಕೆ ತನ್ನದೇ ಆದಾಯವಿರಬೇಕು, ಪ್ರತಿ ಬಜೆಟ್ಟಿನಲ್ಲೂ ಖಜಾನೆಯ ಮುಂದೆ ಕೈಯೊಡ್ಡುವಂತಾಗಬಾರದು ಎಂದು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ; 1962ರಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಡಿಆರ್‌ಟಿಸಿ ಕಟ್ಟಿದ್ದು ಇಲ್ಲೇ, 1972ರಲ್ಲಿ ತೀರಿಕೊಂಡದ್ದೂ ಇಲ್ಲೇ. ಪ್ರತಿ ಆಗಸ್ಟ್ 12ಕ್ಕೆ ಗ್ರಂಥಪಾಲಕರ ದಿನವೆಂದು ಅವರ ಫೋಟೊಗೆ ಹಾರ ಹಾಕುತ್ತೇವೆ. ಅವರು ಯಾವುದು ಆಗಬಾರದು ಎಂದಿದ್ದರೋ ಅದನ್ನೇ ಅದೇ ಊರಿನಲ್ಲಿ ಮಾಡುತ್ತೇವೆ.

ಹಳ್ಳಿಯ ಕತೆ ಇಷ್ಟು ಕಪ್ಪಲ್ಲ, ಅದನ್ನು ಒಪ್ಪಬೇಕು. 2019ರಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. 'ಓದುವ ಬೆಳಕು' ಅಭಿಯಾನ ಬಂತು, ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು, ಗೋಡೆಗೆ ಬಣ್ಣ ಬಂತು, ಕಂಪ್ಯೂಟರು ಬಂತು, ಬೋರ್ಡು 'ಅರಿವು ಕೇಂದ್ರ'ವಾಯಿತು. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಎಷ್ಟೋ ಮಕ್ಕಳ ಕೈಗೆ ಪುಸ್ತಕ ಸಿಕ್ಕಿದ್ದು ಇಲ್ಲಿಂದಲೇ. ಇದು ಸಣ್ಣ ಕೆಲಸವಲ್ಲ. ಆದರೆ ಆ ಬಾಗಿಲಿನ ಬೀಗದ ಕೈ ಇಟ್ಟುಕೊಂಡವರನ್ನು ಸರ್ಕಾರ ಏನೆಂದು ಕರೆಯುತ್ತದೆ ಗಮನಿಸಿ: 'ಮೇಲ್ವಿಚಾರಕರು'. ಯಾರ ಮೇಲೆ ವಿಚಾರಣೆ? ಅವರ ಕೆಳಗೆ ಒಬ್ಬ ಅಟೆಂಡರ್ ಕೂಡ ಇಲ್ಲ. ಬಾಗಿಲು ತೆಗೆಯುವವರು, ಕಸ ಗುಡಿಸುವವರು, ಪೇಪರ್ ಜೋಡಿಸುವವರು, ಮಕ್ಕಳಿಗೆ ಕತೆ ಹೇಳುವವರು, ಸಂಜೆ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವರು ಎಲ್ಲ ಅದೇ ಒಬ್ಬರು. 'ಗ್ರಂಥಪಾಲಕ' ಎಂದುಬಿಟ್ಟರೆ ಹುದ್ದೆಯಾಗುತ್ತದೆ, ಹುದ್ದೆಗೆ ವೇತನ ಶ್ರೇಣಿ ಬರುತ್ತದೆ. 'ಮೇಲ್ವಿಚಾರಕ' ಎಂದರೆ ಗೌರವಧನದಲ್ಲಿ ಮುಗಿಯುತ್ತದೆ. ಕನಿಷ್ಠ ವೇತನದ ಆದೇಶಕ್ಕಾಗಿ ಅವರು ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಯಿತು. ಆದೇಶ ಬಂದ ಮೇಲೂ, ಸಂಬಳ ತಿಂಗಳುಗಟ್ಟಲೆ ನಿಂತಿತೆಂಬ ದೂರು ನಿಂತಿಲ್ಲ. ಪಂಚಾಯಿತಿಯ ಮನೆ ಕಂದಾಯದಲ್ಲೂ ಅದೇ ಶೇ 6ರ ಗ್ರಂಥಾಲಯ ಕರವಿದೆ ಎಂಬುದನ್ನು ಇಲ್ಲಿ ನೆನಪಿಸಬೇಕು.

ಕೇರಳದ ಉಪಕರ ನಮ್ಮದಕ್ಕಿಂತ ಕಡಿಮೆ, ಶೇ 5. ಆದರೂ ಅಲ್ಲಿನ ಗ್ರಂಥಾಲಯದ ಮಾತೆತ್ತಿದರೆ ನಮ್ಮವರು ನಿಟ್ಟುಸಿರು ಬಿಡುತ್ತಾರೆ, 'ಅಲ್ಲಿ ಓದುವ ಸಂಸ್ಕೃತಿ ಇದೆ' ಎನ್ನುತ್ತಾರೆ. ಸಂಸ್ಕೃತಿ ಆಕಾಶದಿಂದ ಉದುರುವುದಿಲ್ಲ. ಪಿ.ಎನ್. ಪಣಿಕ್ಕರ್ ಕಟ್ಟಿದ ಗ್ರಂಥಶಾಲಾ ಸಂಘದಿಂದ 1989ರ ಕಾಯ್ದೆಯವರೆಗೆ ಅಲ್ಲಿ ಉಳಿದುಕೊಂಡು ಬಂದದ್ದು ಒಂದು ಏರ್ಪಾಡು: ಊರಿನ ಗ್ರಂಥಾಲಯಕ್ಕೆ ಊರಿನ ಸಮಿತಿ, ಅಲ್ಲಿಂದ ತಾಲ್ಲೂಕು, ಜಿಲ್ಲೆ, ರಾಜ್ಯ ಮಟ್ಟದ ಚುನಾಯಿತ ಲೈಬ್ರರಿ ಕೌನ್ಸಿಲ್. ದುಡ್ಡು ತಡವಾದರೆ ಕೇಳಲು ಓಟು ಪಡೆದು ಬಂದವರಿದ್ದಾರೆ. ನಮ್ಮಲ್ಲಿ ಕೇಳಬೇಕಾದವರು ಇಲಾಖೆಯ ಅಧಿಕಾರಿ. ಅವರು ಸರ್ಕಾರದ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಎಷ್ಟು ಗಟ್ಟಿಯಾಗಿ ಬರೆದಾರು?

ಕೇರಳದಂಥ ಏರ್ಪಾಡಿನ ಬದಲು ನಾವು ಮೆಚ್ಚಿಕೊಳ್ಳುವುದು ಒಂಟಿ ಸಾಹಸಿಗಳನ್ನು. ಪಾಂಡವಪುರದ ಹರಳಹಳ್ಳಿಯಲ್ಲಿ ಅಂಕೇಗೌಡರು ಜೀವಮಾನದ ದುಡಿಮೆ ಸುರಿದು ಪುಸ್ತಕದ ಮನೆ ಕಟ್ಟಿದರೆ ಹೊಗಳುತ್ತೇವೆ. 2021ರ ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ಕೂಲಿ ಕಾರ್ಮಿಕರೊಬ್ಬರು ನಡೆಸುತ್ತಿದ್ದ ಗ್ರಂಥಾಲಯ ಸುಟ್ಟುಹೋದಾಗ ನಾಡೇ ಮರುಗಿತು, ಪುಸ್ತಕ ಕಳಿಸಿತು, ದೇಣಿಗೆ ಕೊಟ್ಟಿತು. ಕೊಡಲೇಬೇಕಿತ್ತು. ಆದರೆ ಬೆಂಕಿ ಬಿದ್ದ ಮೇಲೆ ಪ್ರೀತಿಯಿಂದ ಜೇಬಿಗೆ ಕೈ ಹಾಕುವ ನಾವೇ, ವರ್ಷವರ್ಷ ಕಾನೂನಿನ ಪ್ರಕಾರ ಅದೇ ಜೇಬಿನಿಂದ ಹೋಗುವ ದುಡ್ಡು ಏನಾಯಿತು ಎಂದು ಕೇಳುವುದಿಲ್ಲ.

'ಇಲಾಖೆಗೆ ದುಡ್ಡು ಕೊಟ್ಟರೆ ಸರಿಯಾಗಿ ಖರ್ಚು ಮಾಡುತ್ತದೆಯೇ' ಎಂಬ ಆಕ್ಷೇಪ ಬರುತ್ತದೆ. ಪುಸ್ತಕ ಆಯ್ಕೆಯ ದೂರುಗಳು, ಕಟ್ಟು ಬಿಚ್ಚದೆ ಗೋಡೌನಿನಲ್ಲಿ ಉಳಿದ ಪುಸ್ತಕಗಳ ಸುದ್ದಿ ನನಗೂ ಗೊತ್ತು. ಅದಕ್ಕೆ ಲೆಕ್ಕಪರಿಶೋಧನೆ ಇದೆ, ವಿಧಾನಸಭೆ ಇದೆ, ಬೇಕಾದರೆ ಜೈಲೂ ಇದೆ. ಬಾಡಿಗೆದಾರ ಮನೆ ಸರಿಯಾಗಿ ಇಟ್ಟುಕೊಂಡಿಲ್ಲವೆಂದು ಅವನ ಅಡ್ವಾನ್ಸನ್ನು ಪಕ್ಕದ ಮನೆಯವನು ನುಂಗುವಂತಿಲ್ಲ. 'ಎಲ್ಲ ಡಿಜಿಟಲ್ ಆಯಿತಲ್ಲ' ಎನ್ನುವವರಿಗೆ ನನ್ನ ಬಳಿ ಹೆಚ್ಚು ಮಾತಿಲ್ಲ. ಆ ಹುಡುಗರಿಗೆ ಬೇಕಾದ ಕುರ್ಚಿಯನ್ನೂ ಫ್ಯಾನನ್ನೂ ಇನ್ನೂ ಡೌನ್‌ಲೋಡ್ ಮಾಡಲಾಗುವುದಿಲ್ಲ.

ಆಗಬೇಕಾದ್ದು ದೊಡ್ಡದೇನಲ್ಲ. ಬಿಬಿಎಂಪಿಯ ಉಪಕರ ಬಾಕಿಯನ್ನು ಐದೂ ಪಾಲಿಕೆಗಳ ಹೊಣೆಯ ಪಟ್ಟಿಯಲ್ಲಿ, ಇಂತಿಷ್ಟು ಎಂದು, ಬರೆಯಬೇಕು. ಮುಂದಿನ ವಸೂಲಿಯಲ್ಲಿ ಆರು ಪೈಸೆ ಪಾಲಿಕೆಯ ಖಾತೆಗೆ ಹೋಗದೆ ನೇರ ಗ್ರಂಥಾಲಯ ನಿಧಿಗೆ ಬೀಳಬೇಕು. ಆನ್‌ಲೈನ್ ಪಾವತಿಯಲ್ಲಿ ಇದು ಒಂದು ಮಧ್ಯಾಹ್ನದ ಕೆಲಸ. ಪ್ರಾಧಿಕಾರದ ಅಧ್ಯಕ್ಷತೆಯನ್ನು ಪಾಲಿಕೆಯ ಯಜಮಾನಿಕೆಯಿಂದ ಬಿಡಿಸಬೇಕು. ರಸೀದಿಯಲ್ಲಿ 'ಗ್ರಂಥಾಲಯ' ಎಂಬ ಪದ ಅದರ ಮೊತ್ತದ ಎದುರು ಪ್ರತ್ಯೇಕ ಸಾಲಿನಲ್ಲಿ ಅಚ್ಚಾಗಬೇಕು.

ಏಪ್ರಿಲ್‌ನಲ್ಲಿ ಶೇ 5ರ ರಿಯಾಯಿತಿಗಾಗಿ ನಾನೂ ಎಲ್ಲರಂತೆ ಮೊದಲ ವಾರವೇ ಕಂದಾಯ ಕಟ್ಟುವವನು. ರಸೀದಿಯ ತಲೆಯ ಮೇಲೆ ಈಗ ಹೊಸ ಪಾಲಿಕೆಯ ಹೆಸರು. ಅದರ ಒಂದು ಪ್ರತಿ ತೆಗೆದು, ಉಪಕರದ ಸಾಲಿಗೆ ಪೆನ್ಸಿಲಿನಲ್ಲಿ ಗೀಟೆಳೆದು, ನಮ್ಮ ಶಾಖಾ ಗ್ರಂಥಾಲಯದ ಮೇಡಂಗೆ ಕೊಟ್ಟು ಬರಬೇಕೆಂದಿದ್ದೇನೆ. ಸೋಮವಾರ ಬಿಟ್ಟು.