ತರುಣ ಸಂಶೋಧಕರಿಗೆ ಪಾರಿತೋಷಕ

ವಿದ್ಯುದ್ರಸಾಯನ ಶಾಸ್ತ್ರವೆಂದೊಡನೆ ಇದು ಪಂಡಿತರಿಗೆ ಸೇರಿದ ವಿಷಯವೆಂದು ವಾಚಕರು ಪುಟ ತಿರುವಿಹಾಕಲು ಕಾರಣವಿಲ್ಲ. ರಾಸಾಯನಿಕ ಬದಲಾವಣೆಗೂ ವಿದ್ಯುತ್ತಿಗೂ ಇರುವ ಸಂಬಂಧವನ್ನು ಅರಸುವ ಶಾಸ್ತ್ರವಿದು. ನೆರೂಳದಲ್ಲಿ ಖಾಡಿಯ ಉಪ್ಪುಗಾಳಿಗೆ ಸಿಕ್ಕಿದ ಕಟ್ಟಡದ ಕಾಂಕ್ರೀಟಿನೊಳಗೆ ಕಬ್ಬಿಣದ ಸರಳು ತುಕ್ಕುಹಿಡಿದು ಉಬ್ಬಿ, ಛಾವಣಿಯ ಗಾರೆ ಕಳಚಿ ಬೀಳುವುದು ಇದಕ್ಕೆ ಸೇರಿದ ಕ್ರಿಯೆ. ಕೈಯಲ್ಲಿರುವ ಮೊಬೈಲು, ರಸ್ತೆಯ ಮೇಲಣ ವಿದ್ಯುತ್ ಬಸ್ಸು ನಡೆಯುವುದು ಇದರ ಬಲದಿಂದ. ಸಾಬೂನಿಗೆ ಬೇಕಾದ ಕಾಸ್ಟಿಕ್ ಸೋಡವನ್ನು ಉಪ್ಪುನೀರಿನಿಂದ ತೆಗೆಯುವುದೂ ಇದರ ವಿಧಾನದಿಂದಲೇ. ಇಂಥ ಶಾಸ್ತ್ರದಲ್ಲಿ ಡಾಕ್ಟರೇಟಿಗಾಗಿ ದುಡಿಯುವ ತರುಣರಿಗೆ ಯಾವ ಬಗೆಯ ಪಾರಿತೋಷಕ ಸಲ್ಲಬೇಕೆಂಬುದು ನಮ್ಮ ಸಮಾಜವೂ ಯೋಚಿಸಬೇಕಾದ ಪ್ರಶ್ನೆ.

ಪಾರಿತೋಷಕಗಳಲ್ಲಿ ಎರಡು ವಿಧ. ಪ್ರಬಂಧ ಮುಗಿದ ಮೇಲೆ ಕೊರಳಿಗೆ ಬೀಳುವ ಪದಕವೊಂದು. ಕೆಲಸ ನಡೆಯುತ್ತಿರುವಾಗಲೇ ಕೈಗೆ ಬರುವ ನೆರವು ಇನ್ನೊಂದು. ಅಮೆರಿಕದಲ್ಲಿ 1902ರಲ್ಲಿ ಸ್ಥಾಪಿತವಾದ ಎಲೆಕ್ಟ್ರೊಕೆಮಿಕಲ್ ಸೊಸೈಟಿಯು ಬೇಸಗೆಯ ತಿಂಗಳುಗಳಲ್ಲಿ ವಿದ್ಯಾರ್ಥಿಯ ಸಂಶೋಧನೆ ನಿಲ್ಲದಿರಲೆಂದು ಕೆಲವು ವೇತನಗಳನ್ನು ಕೊಡುತ್ತ ಬಂದಿದೆ. ಅವುಗಳಲ್ಲೊಂದಕ್ಕೆ ತುಕ್ಕಿನ ವಿಷಯದಲ್ಲಿ ಪರಿಣತರಾಗಿದ್ದ ಎಚ್. ಎಚ್. ಊಲಿಗ್ ಅವರ ಹೆಸರಿದೆ. ತುಕ್ಕಿನಿಂದ ಅಮೆರಿಕಕ್ಕೆ ವರ್ಷಕ್ಕೆ ಸುಮಾರು 550 ಕೋಟಿ ಡಾಲರ್ ನಷ್ಟವೆಂದು 1949ರಲ್ಲಿ ಲೆಕ್ಕಹಾಕಿ ತೋರಿಸಿದವರು ಅವರೇ. ಆದಾಯ ನಿಲ್ಲುವ ತಿಂಗಳುಗಳನ್ನು ನೋಡಿ ನೆರವನ್ನು ಗೊತ್ತುಪಡಿಸಿರುವುದು ವಿವೇಕದ ಕೆಲಸ.

ನಮ್ಮ ದೇಶದಲ್ಲಿ ಪರೀಕ್ಷೆಯಲ್ಲಿ ಗೆದ್ದ ಕಿರಿಯ ಸಂಶೋಧಕನಿಗೆ ತಿಂಗಳಿಗೆ 25,000 ರೂಪಾಯಿಯಿದ್ದ ವೇತನವು ತರುಣರ ಚಳವಳಿಯ ತರುವಾಯ 2019ರಲ್ಲಿ 31,000ಕ್ಕೂ, 2023ರ ಜನವರಿಯಿಂದ 37,000ಕ್ಕೂ ಏರಿತು. ಎರಡು ವರ್ಷ ಕಳೆದು ಹಿರಿಯ ಸಂಶೋಧಕನಾದವನಿಗೆ 42,000 ಎಂದಾಯಿತು. 2018ರಲ್ಲಿ ಘೋಷಿತವಾದ ಪ್ರಧಾನಮಂತ್ರಿ ಸಂಶೋಧನಾ ವೇತನವನ್ನು ಮೊದಲ ವರ್ಷಕ್ಕೇ 70,000 ಎಂದು ಗೊತ್ತುಪಡಿಸಲಾಗಿತ್ತು. ಆದರೆ ಅದು ಆಯ್ದ ಸಂಸ್ಥೆಗಳ ಕೆಲವರ ಭಾಗ್ಯ. ಮೊಬಲಗು ಅಲ್ಪವೆಂದು ನಾವು ಹೇಳುವುದಿಲ್ಲ. ಹಣ ತಿಂಗಳುಗಟ್ಟಲೆ ತಡವಾಗಿ ಬರುತ್ತದೆಂಬ ದೂರು ಮಾತ್ರ ಸಂಶೋಧಕರಿಂದ ಪದೇ ಪದೇ ಕೇಳಿಬಂದಿದೆ. ಸಪ್ಲಾಯರ್ ಕೆಲಸದಲ್ಲಿದ್ದು ಮಗಳನ್ನು ಎಂ.ಎಸ್ಸಿ.ವರೆಗೆ ಓದಿಸಿದ ತಂದೆಗೆ ನಾಲ್ಕು ತಿಂಗಳ ವಿಳಂಬವೆಂದರೆ ನಾಲ್ಕು ತಿಂಗಳ ಬಾಡಿಗೆ, ನಾಲ್ಕು ತಿಂಗಳ ರೇಷನ್. ಆಗ ಮನೆಯವರು ಮಗಳಿಗೆ, 'ಸಾಕಮ್ಮಾ, ಯಾವುದಾದರೊಂದು ನೌಕರಿ ನೋಡು' ಎಂದರೆ ಅವರನ್ನು ದೂಷಿಸುವಂತಿಲ್ಲ. ಹೀಗೆ ಅರ್ಧದಲ್ಲಿ ನಿಂತ ಪ್ರಬಂಧಕ್ಕೆ ಯಾವ ಪದಕವೂ ದೊರೆಯುವುದಿಲ್ಲ.

ಈ ಶಾಸ್ತ್ರಕ್ಕೆ ತಳಹದಿ ಹಾಕಿದ ಮೈಕೆಲ್ ಫ್ಯಾರಡೆ ಕಮ್ಮಾರನ ಮಗ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತವರು. 1813ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಅವರನ್ನು ಸಹಾಯಕನಾಗಿ ತೆಗೆದುಕೊಂಡಾಗ ವಾರಕ್ಕೆ 25 ಷಿಲಿಂಗ್ ಸಂಬಳವನ್ನೂ, ವಾಸಕ್ಕೆ ಮಾಳಿಗೆಯ ಕೋಣೆಗಳನ್ನೂ ಒದಗಿಸಿತು. ಊಟ ವಸತಿಗಳ ಚಿಂತೆ ತೀರಿದ ಆ ಸಹಾಯಕನೇ ಮುಂದೆ ವಿದ್ಯುದ್ವಿಭಜನೆಯ ನಿಯಮಗಳನ್ನು ಲೋಕಕ್ಕೆ ಕೊಟ್ಟನು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರನ್ನು ಕಂಡ ಮುಂಬಯಿ ಕನ್ನಡಿಗರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರ ವಿದ್ಯುದ್ರಸಾಯನ ಸಂಶೋಧನಾಲಯದ ಕಥೆಯೂ ಗಮನಾರ್ಹವಾದುದು. ಅದಕ್ಕಾಗಿ 300 ಎಕರೆ ನೆಲವನ್ನೂ 15 ಲಕ್ಷ ರೂಪಾಯಿಗಳನ್ನೂ ದಾನವಾಗಿತ್ತವರು ಉದ್ಯಮಿ ಅಳಗಪ್ಪ ಚೆಟ್ಟಿಯಾರರು. 1948ರಲ್ಲಿ ನೆಹರೂ ಅವರು ಅಡಿಗಲ್ಲಿಟ್ಟರು. 1953ರಲ್ಲಿ ಸಂಸ್ಥೆಯ ಪ್ರಾರಂಭೋತ್ಸವವಾಯಿತು. ಮುಂದೆ ಅದರ ನಿರ್ದೇಶಕ ಪದವಿಯನ್ನು ಅಲಂಕರಿಸಿದವರಲ್ಲಿ ಹಂದಾಡಿ ವೆಂಕಟಕೃಷ್ಣ ಉಡುಪರೊಬ್ಬರು. ಬ್ರಹ್ಮಾವರದ ಬಳಿಯ ಹಂದಾಡಿಯ ಹೆಸರು ಹೊತ್ತ ವಿಜ್ಞಾನಿಯನ್ನು ಕುರಿತು ನಮ್ಮವರು ಹೆಮ್ಮೆಪಡಬಹುದು. ಆದರೆ ಆ ಹೆಮ್ಮೆಯ ಹಿಂದೆ ವ್ಯಾಪಾರದಲ್ಲಿ ಗಳಿಸಿದ ಹಣವನ್ನು ಪ್ರಯೋಗಶಾಲೆಗೆ ಸುರಿದ ಚೆಟ್ಟಿಯಾರರ ಔದಾರ್ಯವಿರುವುದನ್ನು ಮರೆಯಲಾಗದು.

ನಮ್ಮ ಸಂಘಗಳು ವರ್ಷವರ್ಷವೂ ಹತ್ತನೆಯ, ಹನ್ನೆರಡನೆಯ ತರಗತಿಯ ಮಕ್ಕಳಿಗೆ ವಿದ್ಯಾರ್ಥಿವೇತನ ಹಂಚಿ ಶಾಲು ಹೊದಿಸುತ್ತಿರುವುದು ಸ್ತುತ್ಯವಾದುದು. ಆ ಮೇಲಿನ ಮೆಟ್ಟಿಲುಗಳಲ್ಲಿ ಮಾತ್ರ ಕೈಹಿಡಿಯುವವರು ವಿರಳ. ನೆರೂಳದ ಮಕ್ಕಳಿಗೆ ಖಾಡಿಯಾಚೆಯ ಟ್ರಾಂಬೆಯ ಭಾಭಾ ಅಣುಸಂಶೋಧನ ಕೇಂದ್ರ, ಪೊವಾಯಿಯ ಐ.ಐ.ಟಿ., ಕಲೀನಾದ ವಿಶ್ವವಿದ್ಯಾಲಯ ಇವಾವುವೂ ದೂರವಲ್ಲ; ದೂರವಾಗಿರುವುದು ಐದು ವರ್ಷಗಳ ನಿಶ್ಚಿಂತೆ. ಒಬ್ಬ ಸಂಶೋಧಕನಿಗೆ ಕೊಡುವ ಹಣದಲ್ಲಿ ನೂರು ಮಕ್ಕಳಿಗೆ ಪುಸ್ತಕ ಕೊಡಬಹುದಲ್ಲವೆ ಎಂಬ ಆಕ್ಷೇಪ ಬರಬಹುದು. ಅದಕ್ಕೆ ನಮ್ಮ ಉತ್ತರವಿಷ್ಟೆ: ಈ ನೆರವು ದಾನವಾಗಬೇಕಾಗಿಲ್ಲ. ಸರಕಾರದ ವೇತನ ಮಂಜೂರಾಗಿ ಕೈಸೇರದೆ ಇರುವ ತಿಂಗಳುಗಳಲ್ಲಿ ಬಡ್ಡಿಯಿಲ್ಲದ ಸಾಲವಾಗಿ ಕೊಟ್ಟು, ಬಾಕಿ ಬಂದೊಡನೆ ಹಿಂದಕ್ಕೆ ಪಡೆಯುವಂಥ ಸಣ್ಣ ನಿಧಿಯೊಂದು ಸಾಕು. ಒಮ್ಮೆ ಕೂಡಿಸಿದ ಹಣ ಒಬ್ಬನಿಂದ ಮರಳಿ ಇನ್ನೊಬ್ಬನಿಗೆ ಸಲ್ಲುತ್ತದೆ. ಚೀಟಿ ನಡೆಸಿ ಬಲ್ಲ ನಮ್ಮ ಜನಕ್ಕೆ ಈ ಲೆಕ್ಕ ಹೊಸದಲ್ಲ.

ವೇತನವನ್ನು ತಿಂಗಳು ತಿಂಗಳಿಗೆ ತಪ್ಪದೆ ಸಲ್ಲಿಸುವುದು ಸರಕಾರದ ಹೊಣೆ. ಅದನ್ನು ಕೇಳುತ್ತಲೇ ಇರಬೇಕು. ಅದು ಸರಿಹೋಗುವವರೆಗೆ ನಮ್ಮ ಮಕ್ಕಳು ಪ್ರಯೋಗಶಾಲೆಯ ಬಾಗಿಲಿನಿಂದ ಹಿಂದಿರುಗದಂತೆ ನೋಡಿಕೊಳ್ಳುವ ಭಾರವನ್ನು ಸಂಘಗಳ ಮುಖಂಡರು ವಹಿಸಿಕೊಂಡು, ಬರುವ ಮಹಾಸಭೆಗಳಲ್ಲಿ ಈ ನಿಧಿಯ ವಿಷಯವನ್ನು ಚರ್ಚೆಗೆ ತರಬೇಕೆಂದು ನಮ್ಮ ಬಿನ್ನಹ.