ಕಣ್ಣು ಹೋದದ್ದು ಹಣೆಬರಹದಿಂದಲ್ಲ

"ಪಾಪ, ನಮ್ ಗೆಕೊಗೆ ಕಣ್ಣು ಕಾಣಲ್ಲ" ಅಂತ ಲೆಪರ್ಡ್ ಗೆಕೊ ಸಾಕೋರು ಮರುಗೋದು ನೋಡಿದ್ರೆ ಸಿಟ್ಟು ಬರುತ್ತೆ. ಎಷ್ಟೋ ಸಲ ಅದು ವಿಧಿಯಲ್ಲ ಸ್ವಾಮಿ, ಸಾಕಿದವರ ಸೋಮಾರಿತನ. ತಿನ್ನೋ ಹುಳುವಿಗೆ ವಿಟಮಿನ್ 'ಎ' ಪುಡಿ ಹಚ್ಚಲ್ಲ. ತೇವದ ಗೂಡಿಲ್ಲದೆ ಕಳಚಬೇಕಾದ ಪೊರೆ ರೆಪ್ಪೆಯೊಳಗೇ ಉಳಿಯುತ್ತೆ. ಬಣ್ಣದ ಹುಚ್ಚಿಗೆ ಆಲ್ಬಿನೊ ತರೋರಿಗೆ, ಜೋರು ಬೆಳಕು ಅದರ ಕಣ್ಣಿಗೆ ಹಿಂಸೆ ಅನ್ನೋದು ಲೆಕ್ಕಕ್ಕೇ ಇಲ್ಲ.

ನಮ್ಮೂರಲ್ಲಿ ಕಣ್ಣು ಹೋದ ಎತ್ತಿನ ಗೋದಲಿಯ ಜಾಗ ಯಾರೂ ಬದಲಿಸ್ತಿರಲಿಲ್ಲ. ಈ ಹಲ್ಲಿಗೂ ಅಷ್ಟೇ: ನೀರಿನ ಬಟ್ಟಲು, ಗೂಡು ಇದ್ದಲ್ಲೇ ಇರಲಿ, ಹುಳುವನ್ನ ಚಿಮಟದಲ್ಲಿ ಹಿಡಿದು ಮೂತಿಗೆ ಮುಟ್ಟಿಸಿ. ಚೆನ್ನಾಗಿ ಸಾಕಿದರೆ 15 ವರ್ಷ ಬದುಕೋ ಜೀವ ಅದು. ಫೋಟೊಗೆ ಅಂತ ವಾರಕ್ಕೊಮ್ಮೆ ಗಾಜಿನ ಪೆಟ್ಟಿಗೆ ಹೊಸದಾಗಿ ಜೋಡಿಸೋರು ದಯವಿಟ್ಟು ಕಳ್ಳಿಗಿಡ ಸಾಕಿ.