ಬಿರಿಯಾನಿಗೆ ಹೇಳಿದ್ದಾಯಿತಾ?



ಈದ್‌ಗೆ ಇನ್ನು ನಾಲ್ಕೇ ದಿನ ಎನ್ನುವಾಗ ನಿಮ್ಮ ಮನೆಯಲ್ಲಿ ಮೊದಲು ಬರುವ ಮಾತು ಯಾವುದು? ಶಿರಸಿಯ ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ಒಂದೇ ಮಾತು ಕೇಳಿಬರುತ್ತಿತ್ತು: "ಬಿರಿಯಾನಿಗೆ ಹೇಳಿದ್ದಾಯಿತಾ?" ಅಡುಗೆಯವರಿಗೆ ಫೋನ್ ಮಾಡಿ ಎಷ್ಟು ಕೆ.ಜಿ. ಎಂದು ತಿಳಿಸಿದರೆ ಮುಗಿಯಿತು. ಹಬ್ಬದ ಮಧ್ಯಾಹ್ನ ರಿಕ್ಷಾದಲ್ಲಿ ಪಾತ್ರೆ ಬಂದು ಇಳಿಯುತ್ತಿತ್ತು. ನನ್ನ ಕೈಯಿಂದ ಆಗುತ್ತಿದ್ದುದು ಬೆಳಗಿನ ಶೀರ್ ಖುರ್ಮಾ ಮತ್ತು ಊಟಕ್ಕೆ ಈರುಳ್ಳಿಯ ಮೊಸರು ಬಜ್ಜಿ ಮಾತ್ರ.

ಅದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ತಪ್ಪೇನೂ ಇಲ್ಲ. ಹಾಗೆ ತರಿಸುವುದಕ್ಕೆ ನನಗೊಂದು ಕಾರಣವೂ ಇತ್ತು. ಸಿದ್ದಾಪುರದ ನನ್ನ ತವರಿನಲ್ಲಿ ಈದ್ ಎಂದರೆ ಅಮ್ಮನ ಪಾಲಿಗೆ ಹೊಗೆ ಮತ್ತು ಬೆವರು. ಗಂಡಸರು ಈದ್ಗಾದಿಂದ ಬಂದು, ಉಂಡು, ಹರಟೆ ಮುಗಿಸಿ ಏಳುತ್ತಿದ್ದರು. ಅಮ್ಮ ಹೊಸ ಸೀರೆ ಉಡುವಷ್ಟರಲ್ಲಿ ಅಸರ್‌ನ ಅಝಾನ್ ಆಗಿರುತ್ತಿತ್ತು. ಅದನ್ನು ನೋಡುತ್ತಲೇ ಬೆಳೆದ ನಾನು, ನನ್ನ ಹಬ್ಬ ಒಲೆಯ ಮುಂದೆ ಕಳೆದುಹೋಗಬಾರದು ಎಂದು ಮನಸ್ಸಿನಲ್ಲೇ ನಿರ್ಧರಿಸಿದ್ದೆ. ನನ್ನವರೂ ಒಪ್ಪಿದರು. ಅತ್ತೆ ಮಾತ್ರ ಏನೂ ಹೇಳಲಿಲ್ಲ. ಹಬ್ಬದ ದಿನ ನಾಲ್ಕು ತುತ್ತು ತಿಂದು, "ಚೆನ್ನಾಗಿದೆ" ಎಂದು ಕೈ ತೊಳೆಯುತ್ತಿದ್ದರು.

2020ರ ಮೇ ಕೊನೆಯ ವಾರದಲ್ಲಿ ಈದುಲ್ ಫಿತ್ರ್ ಬಂತು. ಲಾಕ್‌ಡೌನ್ ಇನ್ನೂ ಮುಗಿದಿರಲಿಲ್ಲ. ಘಟ್ಟದ ಕೆಳಗೆ ಭಟ್ಕಳದಲ್ಲಿ ಸೋಂಕು ಹರಡಿ ಇಡೀ ಜಿಲ್ಲೆಯೇ ಹೆದರಿತ್ತು. ಈದ್ ನಮಾಝನ್ನೂ ಮನೆಯಲ್ಲೇ ಮಾಡಬೇಕಾಗಿದ್ದ ಕಾಲ. ಅಡುಗೆಯವರು, "ಈ ಸಲ ಆಗೂದಿಲ್ಲ ಅಕ್ಕಾ" ಎಂದುಬಿಟ್ಟರು. ಹದಿನೈದು ವರ್ಷದ ಮಗ, "ಹಾಗಾದರೆ ಬಿರಿಯಾನಿ ಇಲ್ಲವಾ?" ಎಂದು ಮುಖ ಸಣ್ಣದು ಮಾಡಿದ. "ನಾನೇ ಮಾಡ್ತೇನೆ" ಎಂದೆ. ಬರುವುದಿಲ್ಲ ಎನ್ನಲು ನಾಚಿಕೆಯಾಗಿತ್ತು.

ಮೊಬೈಲಿನಲ್ಲಿ ವೀಡಿಯೋ ನೋಡಿಕೊಂಡು ಮಾಡಿದೆ. ಅನ್ನ ಮುದ್ದೆಯಾಯಿತು, ತಳ ಹಿಡಿಯಿತು. ಎಲ್ಲರೂ ಮಾತಿಲ್ಲದೆ ತಿಂದರು. ಆದರೆ ಅತ್ತೆ ಅಂದು ಎರಡನೇ ಬಾರಿ ಬಡಿಸಿಕೊಂಡರು! ಊಟವಾದ ಮೇಲೆ ಹತ್ತಿರ ಕರೆದು, "ಅಕ್ಕಿ ಪೂರ್ತಿ ಬೇಯಿಸಿಬಿಟ್ಟಿದ್ದಿ. ಮಸಾಲೆ ನೀರಾಗಿತ್ತು. ಮುಂದಿನ ಶುಕ್ರವಾರ ಮಾಡೋಣ, ಹೇಳಿಕೊಡ್ತೇನೆ" ಎಂದರು.

"ಇಷ್ಟು ವರ್ಷ ಯಾಕೆ ಹೇಳಿಕೊಡಲಿಲ್ಲ ಅಮ್ಮಾ?" ಎಂದೆ.

"ನೀನು ಕೇಳಲಿಲ್ಲವಲ್ಲ, ಮಗಳೇ."

ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗಿತ್ತು. ಹಾಗಾಗಿ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಮೂಗು, ಕಿವಿ, ಬೆರಳಿನಿಂದಲೇ ಕಲಿಸಿದರು. ಒಂದು ಕೆ.ಜಿ. ಮಾಂಸಕ್ಕೆ ಅರ್ಧ ಕೆ.ಜಿ. ಈರುಳ್ಳಿ. ಸಣ್ಣ ಉರಿಯಲ್ಲಿ ಜೋನಿಬೆಲ್ಲದ ಬಣ್ಣ ಬರುವವರೆಗೆ ಹುರಿಯಬೇಕು. ಅವಸರ ಮಾಡಿದರೆ ಕಹಿಯಾಗುತ್ತದೆ. ಶುಂಠಿ-ಬೆಳ್ಳುಳ್ಳಿ, ಹಸಿಮೆಣಸು, ಪುದೀನ, ಮೊಸರು ಹಾಕಿದ ಮಾಂಸ ಮೆತ್ತಗೆ ಬೆಂದು ಮಸಾಲೆ ಗಟ್ಟಿಯಾಗುವವರೆಗೆ ಕೆಳಗಿಳಿಸಬಾರದು. ಬಾಸ್ಮತಿ ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ, ಉಪ್ಪು, ಏಲಕ್ಕಿ, ಲವಂಗ, ದಾಲ್ಚಿನ್ನಿ ಹಾಕಿ ಕುದಿಯುವ ಧಾರಾಳ ನೀರಿಗೆ ಹಾಕಬೇಕು. ಅಗುಳನ್ನು ಬೆರಳಲ್ಲಿ ಒತ್ತಿದಾಗ ನಡುವೆ ಗಟ್ಟಿ ಕಣವೊಂದು ಉಳಿದಿರಬೇಕು. ಆಗಲೇ ಬಸಿಯಬೇಕು. ಉಳಿದದ್ದನ್ನು ಹಬೆ ಬೇಯಿಸುತ್ತದೆ. ನಾನು ತಪ್ಪಿದ್ದು ಇಲ್ಲಿಯೇ. ಮಾಂಸ, ಅನ್ನ, ಹುರಿದ ಈರುಳ್ಳಿ ಪದರ ಹಾಕಿ, ಮುಚ್ಚಳದ ಅಂಚಿಗೆ ಗೋಧಿ ಹಿಟ್ಟು ಮೆತ್ತಿ, ಪಾತ್ರೆಯ ಕೆಳಗೆ ದಪ್ಪ ತವೆ ಇಟ್ಟು ಇಪ್ಪತ್ತು ನಿಮಿಷ ಸಣ್ಣ ಉರಿ. ಆಮೇಲೆ ಹತ್ತು ನಿಮಿಷ ಮುಟ್ಟಬಾರದು. ತವೆ ಇದ್ದರೆ ತಳ ಹಿಡಿಯುವ ಹೆದರಿಕೆ ಕಡಿಮೆ.

ನಮ್ಮ ಸುತ್ತಿನ ಅಡಿಕೆ ತೋಟಗಳಲ್ಲೇ ಏಲಕ್ಕಿ, ಕಾಳುಮೆಣಸು ಬೆಳೆಯುತ್ತವೆ. ಆದರೂ ಹಳೆಯ ಏಲಕ್ಕಿಗೂ ಹೊಸದಕ್ಕೂ ಇರುವ ವ್ಯತ್ಯಾಸ ನನಗೆ ತಿಳಿದದ್ದು, ಅತ್ತೆ ಎರಡನ್ನೂ ಜಜ್ಜಿ ಮೂಸಿ ತೋರಿಸಿದ ಮೇಲೆಯೇ.

ಆದರೆ ಅಮ್ಮನ ಹೊಗೆಯ ಈದ್ ಮತ್ತೆ ನನ್ನ ಮನೆಗೆ ಬರುವುದು ಬೇಡವಿತ್ತು. ಅದನ್ನು ಮೊದಲೇ ಹೇಳಿದೆ. ಈರುಳ್ಳಿ ಹೆಚ್ಚಿ ಹುರಿಯುವುದು ಮಗನ ಪಾಲು. ಅಕ್ಕಿ ಬಸಿಯುವುದು, ಪಾತ್ರೆ ತೊಳೆಯುವುದು ಅವನ ತಂದೆಯ ಪಾಲು. ಪ್ರವಾದಿ(ಸ) ಮನೆಗೆಲಸದಲ್ಲಿ ಮನೆಯವರಿಗೆ ನೆರವಾಗುತ್ತಿದ್ದರೆಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಅದನ್ನು ಕೇಳಿ ತಲೆದೂಗುವ ನಮ್ಮ ಗಂಡಸರು ಹಬ್ಬದ ದಿನವಾದರೂ ಪಾತ್ರೆ ಮುಟ್ಟಬೇಡವೇ? ಮೂವರೂ ಕೈ ಹಾಕಿದರೆ ಕೆಲಸ ಮೊದಲೇ ಮುಗಿಯುತ್ತದೆ. ಹೊಸ ಬಟ್ಟೆ ತೊಟ್ಟೇ ನಾನು ಎಲ್ಲರೊಂದಿಗೆ ಊಟಕ್ಕೆ ಕೂರುತ್ತೇನೆ.

2022ರಲ್ಲಿ ಅತ್ತೆ ತೀರಿಕೊಂಡರು. ಮರುವರ್ಷ ಜೂನ್ 29ರಂದು ಬಕ್ರೀದ್. ಬೆಳಿಗ್ಗೆ ಯಲ್ಲಾಪುರದಿಂದ ನಾದಿನಿಯ ಫೋನ್ ಬಂತು. ಅವಳು ಶಾಲೆಯಲ್ಲಿ ಕೆಲಸ ಮಾಡುವವಳು, ಮನೆಯಲ್ಲಿ ನೆರವಿಗೆ ಯಾರೂ ಇಲ್ಲ. ಹಬ್ಬದ ಊಟ ಯಾವಾಗಲೂ ತರಿಸುವುದೇ. ಅದಕ್ಕಾಗಿ ಅವಳನ್ನು ನಾನೆಂದೂ ದೂರಿಲ್ಲ. ಆದರೆ ಅಂದು ಅವಳ ದನಿ ಗದ್ಗದವಾಗಿತ್ತು. "ಭಾಭೀ, ಅಮ್ಮಿ ಈರುಳ್ಳಿ ಎಷ್ಟು ಹಾಕುತ್ತಿದ್ದರು? ನನಗೆ ಗೊತ್ತೇ ಇಲ್ಲ."

ಹೆತ್ತ ಮಗಳು ಸೊಸೆಯನ್ನು ಕೇಳಬೇಕಾಯಿತು. ನನ್ನ ಕೈ ಹಿಟ್ಟಾಗಿತ್ತು. ಫೋನನ್ನು ಮಗನಿಗೆ ಕೊಟ್ಟೆ. ಅವನು ಅಜ್ಜಿಯ ಲೆಕ್ಕವನ್ನು ಒಂದೂ ಬಿಡದೆ ಅತ್ತೆಗೆ ಹೇಳಿದ.

ಸಹೋದರಿಯರೇ, ಈ ಸಲವೂ ನೀವು ಬಿರಿಯಾನಿ ತರಿಸುವುದಾದರೆ ನೆಮ್ಮದಿಯಿಂದ ತರಿಸಿ. ಆದರೆ ಹಬ್ಬವಲ್ಲದ ಒಂದು ದಿನ, ಮನೆಯ ಹಿರಿಯರಿಗೆ ಅಡುಗೆಮನೆಯಲ್ಲಿ ಒಂದು ಕುರ್ಚಿ ಹಾಕಿಕೊಡಿ. ಪಕ್ಕದಲ್ಲಿ ಮಗಳನ್ನು ಮಾತ್ರವಲ್ಲ, ಮಗನನ್ನೂ ನಿಲ್ಲಿಸಿ. ಅವರು ಕಾಯುತ್ತಿರುವುದು ಬಹುಶಃ ನೀವು ಕೇಳಲಿ ಎಂದೇ.